ಕಾಲಿನ ಡಾಪ್ಲರ್‌ಗೆ ಹೋಗುವ ಮುಂಚೆ: ಯಾವ ‘ನರ’ ಅಂತ ಕೇಳಿಕೊಳ್ಳಿ

“ಸರ್ರ, ಕಾಲಾಗಿನ ನರ ಬ್ಲಾಕ್ ಆಗೈತಂತ್ರೀ. ಡಾಪ್ಲರ್ ಮಾಡಿಸ್ಕೊಂಡು ಬಾ ಅಂದಾರ.”

ಬಾಗಲಕೋಟೆಯಲ್ಲಿ ನಾನು ಸ್ಕ್ಯಾನ್ ಮಾಡುವ ಕೋಣೆಗೆ ಬರುವವರಲ್ಲಿ ಅರ್ಧ ಜನ ಮಾತು ಶುರು ಮಾಡುವುದೇ ಹೀಗೆ. ಡಾಪ್ಲರ್ ಅಂದರೆ ರಕ್ತದ ಓಟ ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನ್. ನಮ್ಮ ಕಡೆ ನರ ಅಂದರೆ ಎಲ್ಲವೂ ನರ. ಹೃದಯದಿಂದ ಪಾದಕ್ಕೆ ರಕ್ತ ಒಯ್ಯುವ ಆರ್ಟರಿ ಕೂಡ ನರ. ಪಾದದಿಂದ ರಕ್ತ ವಾಪಸ್ ತರುವ ವೇನ್ ಕೂಡ ನರ. ಬೆನ್ನುಹುರಿಯಿಂದ ಇಳಿದು ಬರುವ ನಿಜವಾದ ನರವಂತೂ ನರವೇ. ಶಾಲೆಯ ಪುಸ್ತಕದಲ್ಲಿ ಅಪಧಮನಿ, ಅಭಿಧಮನಿ ಅಂತ ಓದಿದ್ದೆವು. ಪರೀಕ್ಷೆ ಮುಗಿದ ಮರುದಿನವೇ ಯಾವುದು ಯಾವುದು ಅಂತ ಮರೆತಿತ್ತು. ಹಾಗಾಗಿ ಇಲ್ಲಿ ಆರ್ಟರಿ, ವೇನ್ ಅಂತಲೇ ಬರೆಯುತ್ತೇನೆ.

ಹೆಸರಿನ ಬಗ್ಗೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅನಿಸಬಹುದು. ವೇನ್ ಉಬ್ಬಿದವರಿಗೆ ಬಿಗಿಯಾದ ಸ್ಟಾಕಿಂಗ್ಸ್ ಹಾಕಿಸುತ್ತೇವೆ. ಆರ್ಟರಿ ಕಟ್ಟಿಕೊಂಡವರು ಪಕ್ಕದ ಮನೆಯವರನ್ನು ನೋಡಿ ಅದನ್ನೇ ತಂದು ಹಾಕಿಕೊಂಡರೆ, ಪಾದಕ್ಕೆ ಹೇಗೋ ಇಳಿಯುತ್ತಿದ್ದ ಚೂರು ರಕ್ತವೂ ನಿಂತು ಚರ್ಮ ಕಪ್ಪಾಗಬಹುದು. ಇಬ್ಬರೂ ಹೇಳುವುದು “ಕಾಲಿನ ನರದ ತ್ರಾಸು” ಅಂತಲೇ.

ಮೊದಲು: ರಾತ್ರಿ ಕಾಲು ಎಲ್ಲಿ ಇಡುತ್ತೀರಿ ನೋಡಿಕೊಳ್ಳಿ

ರಬಕವಿ ಕಡೆಯ ಒಬ್ಬ ನೇಕಾರರು ಬಂದಿದ್ದರು. ಐವತ್ತು ದಾಟಿದ ವಯಸ್ಸು, ಪವರ್‌ಲೂಮ್ ಕೆಲಸ, ಜೇಬಿನಲ್ಲಿ ಬೀಡಿ ಕಟ್ಟು. “ಮನಿಯಿಂದ ಕಿರಾಣಿ ಅಂಗಡಿ ತನಕ ಆರಾಮ ನಡೀತೇನ್ರೀ. ಅಲ್ಲಿಗೆ ಬಂದ್ರ ಮೊಣಕಾಲ ಕೆಳಗ ಹಿಂದಿನ ಖಂಡ ಹಿಡಕೊಂತೈತಿ. ಎರಡು ನಿಮಿಷ ನಿಂತ್ರ ಹೋಗ್ತೈತಿ. ಮತ್ತ ಅಷ್ಟ ದೂರಕ್ಕ ಹಿಡೀತೈತಿ.” ರಾತ್ರಿ ಹೇಗೆ ಮಲಗುತ್ತೀರಿ ಅಂತ ಕೇಳಿದೆ. “ಕಾಲ ಹೊರಸಿನ ಕೆಳಗ ಇಳಿಬಿಟ್ರಷ್ಟ ನಿದ್ದಿ ಬರ್ತೈತ್ರಿ.”

ಮಷೀನ್ ಆನ್ ಮಾಡುವ ಮುಂಚೆಯೇ ಮುಕ್ಕಾಲು ಉತ್ತರ ಸಿಕ್ಕಿತ್ತು. ಪ್ರತಿ ಸಲ ಅಷ್ಟೇ ದೂರಕ್ಕೆ ಹಿಡಿಯುವ, ನಿಂತರೆ ಬಿಡುವ ನೋವು ಸಾಮಾನ್ಯವಾಗಿ ಆರ್ಟರಿಯದು. ನಡೆಯುವಾಗ ಮಾಂಸಖಂಡಕ್ಕೆ ಜಾಸ್ತಿ ರಕ್ತ ಬೇಕು, ಕಿರಿದಾದ ಆರ್ಟರಿ ಕೊಡಲಾರದು. ಕಾಯಿಲೆ ಮುಂದುವರಿದರೆ ಮಲಗಿದಾಗಲೂ ಪಾದ ನೋಯುತ್ತದೆ. ಕಾಲು ಕೆಳಗೆ ಇಳಿಬಿಟ್ಟರೆ ಭೂಮಿಯ ಸೆಳೆತಕ್ಕೆ ರಕ್ತ ಸ್ವಲ್ಪ ಇಳಿದು ಆರಾಮ ಅನಿಸುತ್ತದೆ.

ವೇನ್ ತೊಂದರೆ ಇದ್ದವರದು ಉಲ್ಟಾ. ಸಂಜೆಗೆ ಕಾಲು ಭಾರ, ಪಾದದ ಗಂಟಿನ ಸುತ್ತ ಊತ. ತಲೆದಿಂಬಿನ ಮೇಲೆ ಕಾಲಿಟ್ಟರೆ ಹಗುರ. ದಿನಗಟ್ಟಲೆ ನಿಂತೇ ಕೆಲಸ ಮಾಡುವ ಮಗ್ಗದವರು, ಹೋಟೆಲ್‌ನವರು, ಟೀಚರುಗಳು ಇದನ್ನು ಜಾಸ್ತಿ ಹೇಳುತ್ತಾರೆ.

ಮೂರನೆಯದು ನಿಜವಾದ ನರ. ಸೊಂಟದಲ್ಲಿ ನರ ಒತ್ತಿಕೊಂಡರೂ ನಡೆಯುವಾಗ ಕಾಲು ಹಿಡಿಯುತ್ತದೆ. ಆದರೆ ಸುಮ್ನೆ ನಿಂತರೆ ಹೋಗುವುದಿಲ್ಲ, ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ಇಂಥವರು ಸೈಕಲ್ ಆರಾಮಾಗಿ ತುಳಿಯುತ್ತಾರೆ, ನಡೆಯಲು ಮಾತ್ರ ಆಗುವುದಿಲ್ಲ. ಕಾಲಿನ ಡಾಪ್ಲರ್‌ನಲ್ಲಿ ಇದು ಕಾಣುವುದಿಲ್ಲ. ನಾರ್ಮಲ್ ರಿಪೋರ್ಟ್ ಹಿಡಿದು “ದುಡ್ಡು ದಂಡ ಆಯ್ತು” ಅನ್ನುವವರಲ್ಲಿ ಇವರೇ ಹೆಚ್ಚು. ದಂಡ ಏನಲ್ಲ, ತೊಂದರೆ ಎಲ್ಲಿಲ್ಲ ಅಂತ ಗೊತ್ತಾಯಿತಲ್ಲ.

ಈ ಮೂರರಲ್ಲಿ ನಿಮ್ಮದು ಯಾವುದರ ಹಾಗಿದೆ ಅಂತ ಎರಡು ದಿನ ಗಮನಿಸಿ ಡಾಕ್ಟರ್ ಹತ್ತಿರ ಹೇಳಿ. ನೀವೇ ಕಾಯಿಲೆ ಕಂಡುಹಿಡಿಯಬೇಕಿಲ್ಲ. ಎಷ್ಟು ದೂರಕ್ಕೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಅನ್ನುವುದಷ್ಟೇ ಸಾಕು.

ಅಪಾಯಿಂಟ್‌ಮೆಂಟ್ ಕಾಯಬಾರದ ಮೂರು ಸಂದರ್ಭ

ಒಂದು ಕಾಲು ಏಕಾಏಕಿ ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾರದ ನೋವು ಬಂದು, ಬೆರಳು ಮರಗಟ್ಟಿದರೆ ಆರ್ಟರಿ ಪೂರ್ತಿ ಮುಚ್ಚಿರಬಹುದು. ಸುಮಾರು 6 ಗಂಟೆಯೊಳಗೆ ರಕ್ತ ಹರಿಯುವಂತೆ ಮಾಡಿದರೆ ಕಾಲು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಬೆಳಿಗ್ಗೆ ನೋಡೋಣ ಅಂತ ಮಲಗಬೇಡಿ. ಬಿಸಿನೀರಿನ ಶಾಖವೂ ಬೇಡ. ಮರಗಟ್ಟಿದ ಕಾಲಿಗೆ ಸುಟ್ಟಿದ್ದೂ ತಿಳಿಯುವುದಿಲ್ಲ.

ಎರಡನೆಯದು, ಒಂದೇ ಕಾಲು ಊದಿಕೊಂಡು ಮೀನಖಂಡ ಬಿಗಿಯಾಗುವುದು. ಆಪರೇಷನ್ ಆಗಿ ಮಲಗಿದವರು, ಹೆರಿಗೆಯಾದವರು, ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು, ಕ್ಯಾನ್ಸರ್ ಇದ್ದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒಳಗಿನ ವೇನ್‌ನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ತೋರಿಸಿ. ಮತ್ತೆ ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಊದಿದ ಕಾಲಿನ ಜೊತೆ ಉಬ್ಬಸ, ಎದೆನೋವು ಬಂದರೆ ಸ್ಕ್ಯಾನ್ ಸೆಂಟರ್‌ಗೆ ಬರಬೇಡಿ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮೂರನೆಯದು ಕಾಲಿನದಲ್ಲ. ಮುಖ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಸೋತು, ಹತ್ತು ನಿಮಿಷಕ್ಕೆ ತಾನೇ ಸರಿಹೋದರೂ ಬಿಡಬೇಡಿ. ಮೆದುಳಿಗೆ ರಕ್ತ ಒಯ್ಯುವ, ಕುತ್ತಿಗೆಯ ಕ್ಯಾರೋಟಿಡ್ ಆರ್ಟರಿ ಕಿರಿದಾಗಿದ್ದರೆ ಹೀಗೆ ಆಗಬಹುದು. ಸರಿಹೋಯ್ತಲ್ಲ ಅಂತ ಮನೆಯಲ್ಲೇ ಉಳಿದವರಿಗೆ ಎರಡೇ ದಿನದಲ್ಲಿ ದೊಡ್ಡ ಪಾರ್ಶ್ವವಾಯು ಹೊಡೆಯುವುದುಂಟು.

ಚೀಟಿ ಓದಿ

ಡಾಕ್ಟರ್ ಬರೆದ ಚೀಟಿಯಲ್ಲಿ ಎರಡು ವಿಷಯ ಇರಲೇಬೇಕು: ಆರ್ಟೀರಿಯಲ್ ಡಾಪ್ಲರ್ ಅಥವಾ ವೀನಸ್ ಡಾಪ್ಲರ್, ಮತ್ತೆ ಎಡಗಾಲು, ಬಲಗಾಲು ಅಥವಾ ಎರಡೂ. ಬರೀ “ಡಾಪ್ಲರ್ ಕಾಲು” ಅಂತ ಇದ್ದರೆ ಅಲ್ಲೇ ಕೇಳಿಬಿಡಿ. ಇವೆರಡೂ ಬೇರೆ ಬೇರೆ ಪರೀಕ್ಷೆ, ಬಿಲ್ಲೂ ಬೇರೆ. ಒಂದು ಮಾಡಿಸಿಕೊಂಡು ಹೋಗಿ, “ಇದಲ್ಲ, ಇನ್ನೊಂದು” ಅನ್ನಿಸಿಕೊಂಡು ಹುನಗುಂದದಿಂದ ಮತ್ತೊಂದು ಸಲ ಬಸ್ಸು ಹತ್ತಿ ಬಂದವರನ್ನು ನೋಡಿದ್ದೇನೆ.

ಇನ್ನೊಂದು ಪ್ರಶ್ನೆ ಫೋನಿನಲ್ಲಿ ಸದಾ ಬರುತ್ತದೆ: “ಮುದುಕರನ್ನ ಎತ್ಕೊಂಡು ಬರಾಕ ಆಗೂದಿಲ್ರೀ, ಮಷೀನ್ ಮನಿಗೆ ತರ್ತೀರೇನು?” ತರುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾನೂನಿನ ಪ್ರಕಾರ ಪ್ರತಿ ಅಲ್ಟ್ರಾಸೌಂಡ್ ಮಷೀನ್ ನೋಂದಣಿ ಆಗಿರಬೇಕು, ಬೇಕಾದಲ್ಲಿಗೆ ಹೊತ್ತೊಯ್ಯುವಂತಿಲ್ಲ. ಎಂಬತ್ತು ವರ್ಷದ ಅಜ್ಜನ ಕಾಲು ನೋಡುವ ಮಷೀನ್‌ಗೂ ಅದೇ ಕಾನೂನು. ಗೋಡೆಯ ಮೇಲಿನ “ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ” ಬೋರ್ಡು ನೋಡಿ ಅಜ್ಜಂದಿರು ನಗುತ್ತಾರೆ.

ಹೋಗುವ ದಿನ

ಕಾಲಿನ ಡಾಪ್ಲರ್‌ಗೆ ಉಪವಾಸ ಬೇಡ, ಕುತ್ತಿಗೆಯದಕ್ಕೂ ಬೇಡ. ಹೊಟ್ಟೆಯೊಳಗಿನ ದೊಡ್ಡ ಆರ್ಟರಿ ಅಥವಾ ಕಿಡ್ನಿಯ ಆರ್ಟರಿ ನೋಡುವುದಿದ್ದರೆ ಮಾತ್ರ ಸುಮಾರು 6 ಗಂಟೆ ಹಸಿದಿರಬೇಕು. ಹೊಟ್ಟೆಯ ಗ್ಯಾಸ್ ಅಡ್ಡ ಬಂದರೆ ಏನೂ ಕಾಣುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಮ್ಮೆ ನಾನಿದ್ದ ಕಡೆ ಫೋನ್ ಎತ್ತಿದವರು ಎಲ್ಲರಿಗೂ “ಖಾಲಿ ಹೊಟ್ಟೆಯಲ್ಲಿ ಬನ್ನಿ” ಅಂತ ಒಂದೇ ಪಾಠ ಒಪ್ಪಿಸುತ್ತಿದ್ದರು. ಒಬ್ಬ ಅವ್ವ ಬೆಳಿಗ್ಗೆ ಇನ್ಸುಲಿನ್ ತಗೊಂಡು, ಏನೂ ತಿನ್ನದೆ, ಮೊದಲ ಬಸ್ಸಿಗೆ ಬಂದಿದ್ದರು. ಅರ್ಧ ಕಾಲು ನೋಡಿದ್ದೆ, ಅಷ್ಟರಲ್ಲಿ ಮೈಯೆಲ್ಲ ಬೆವರು, ಕೈ ನಡುಕ. ಸಕ್ಕರೆ ನೀರು ಕುಡಿಸಿ, ಹೊರಗಿನಿಂದ ಬಿಸ್ಕೀಟು ತರಿಸಿ, ಸುಧಾರಿಸಿಕೊಂಡ ಮೇಲೆ ಉಳಿದ ಕಾಲು ನೋಡಿದೆ. ತಪ್ಪು ನಮ್ಮದೇ. ರೊಟ್ಟಿ ತಿಂದು ಬನ್ನಿ, ಬಿಪಿ, ಶುಗರ್ ಗುಳಿಗೆ ತಗೊಂಡೇ ಬನ್ನಿ. ರಕ್ತ ತೆಳುಮಾಡುವ ಗುಳಿಗೆಯನ್ನಂತೂ ಸ್ಕ್ಯಾನ್‌ಗಾಗಿ ನಿಲ್ಲಿಸಲೇಬೇಡಿ.

ಗಂಡಸರಿಗೆ ಧೋತರ, ಲುಂಗಿ ಎಲ್ಲಕ್ಕಿಂತ ಅನುಕೂಲ. ಹೆಣ್ಣುಮಕ್ಕಳಿಗೆ ಸಡಿಲ ಲಂಗ ಸಾಕು. ತೊಡೆ ಸಂದಿನಿಂದಲೇ ನೋಡಬೇಕಾಗುತ್ತದೆ, ಬಿಗಿ ಪ್ಯಾಂಟ್ ಬೇಡ. ಹೊದಿಕೆ ಕೊಡುತ್ತಾರೆ, ಕೊಡದಿದ್ದರೆ ಕೇಳಿ. ಜೊತೆಗೆ ಒಬ್ಬ ಹೆಣ್ಣುಮಗಳು ಇರಲಿ ಅಂತ ಕೇಳುವುದೂ ನಿಮ್ಮ ಹಕ್ಕು. ಗಾಯಕ್ಕೆ ಪಟ್ಟಿ ಕಟ್ಟಿದ್ದರೆ ಹೊಸ ಪಟ್ಟಿಯ ಸಾಮಾನು ತನ್ನಿ, ಬಿಚ್ಚಬೇಕಾಗಬಹುದು. ಹಳೆಯ ರಿಪೋರ್ಟ್‌ಗಳನ್ನು ಬಿಟ್ಟು ಬರಬೇಡಿ.

ಬಂದ ಕೂಡಲೇ ಹತ್ತು ನಿಮಿಷ ಸುಮ್ನೆ ಕೂತಿರಿ. ಮೆಟ್ಟಿಲು ಹತ್ತಿ ಬಂದ ಕಾಲಿನಲ್ಲಿ ರಕ್ತದ ಓಟದ ಚಿತ್ರವೇ ಬದಲಾಗಿರುತ್ತದೆ. ಹೊರಗೆ ನಿಂತು ಒಂದು ಬೀಡಿ ಎಳೆದು ಬಂದರೂ ಅಷ್ಟೇ, ತಂಬಾಕು ಆರ್ಟರಿಯನ್ನು ಬಿಗಿ ಹಿಡಿಯುತ್ತದೆ. ಎಸಿ ತಂಪಿಗೆ ಪಾದ ಕೊರೆಯುತ್ತಿದ್ದರೆ ಹೇಳಿ, ಹೊದಿಸುತ್ತೇವೆ.

ಮಷೀನ್ ಏನು ಕೇಳಿಸಿಕೊಳ್ಳುತ್ತದೆ

ಮುಧೋಳ ರಸ್ತೆಯ ಪಕ್ಕ ನಿಂತಿದ್ದೀರಿ. ಹಾರ್ನ್ ಒತ್ತಿಕೊಂಡೇ ಬಸ್ಸು ಬರುತ್ತದೆ. ಹತ್ತಿರ ಬರುವಾಗ ಹಾರ್ನ್ ಚೂಪಾಗಿ ಕೇಳುತ್ತದೆ, ನಿಮ್ಮನ್ನು ದಾಟಿದ ಕೂಡಲೇ ದನಿ ತಗ್ಗುತ್ತದೆ. ಹಾರ್ನ್ ಬದಲಾಗಿಲ್ಲ, ಬಸ್ಸಿನ ಓಟ ದನಿಯನ್ನು ಬದಲಿಸಿತು. (ಹಾಡು ಹಚ್ಚಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರ್‌ನಲ್ಲಿ ಇದನ್ನು ಹುಡುಕಬೇಡಿ, ಅದರ ಓಟ ಸಾಲದು.) ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಈ ಲೆಕ್ಕ ಹೇಳಿದಾಗ ಅವರ ತಲೆಯಲ್ಲಿದ್ದದ್ದು ಜೋಡಿ ನಕ್ಷತ್ರಗಳ ಬಣ್ಣ. 1845ರಲ್ಲಿ ಹಾಲೆಂಡಿನಲ್ಲಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಹತ್ತಿಸಿ ಅದನ್ನು ಪರೀಕ್ಷೆ ಮಾಡಿದರು.

ನಮ್ಮ ಮಷೀನ್‌ನ ಪ್ರೋಬ್ (ಕಾಲಿನ ಮೇಲೆ ಇಟ್ಟು ಆಡಿಸುವ ಹಿಡಿ) ಸೆಕೆಂಡಿಗೆ ಸುಮಾರು 50 ಲಕ್ಷ ಸಲ ಕಂಪಿಸುವ ದನಿಯನ್ನು ಕಾಲಿನೊಳಗೆ ಬಿಡುತ್ತದೆ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನದಾಚೆ ಕೇಳದು. ಓಡುತ್ತಿರುವ ರಕ್ತಕಣಕ್ಕೆ ಬಡಿದು ವಾಪಸ್ ಬಂದ ದನಿ ಚೂರೇ ಚೂರು ಬದಲಾಗಿರುತ್ತದೆ. ರಕ್ತ ಸೆಕೆಂಡಿಗೆ 1 ಮೀಟರ್ ಓಡುತ್ತಿದ್ದು, ಪ್ರೋಬ್ 60 ಡಿಗ್ರಿ ಓರೆಯಾಗಿದ್ದರೆ ಆ ವ್ಯತ್ಯಾಸ ಸುಮಾರು 3,200 ಕಂಪನ. ಇದು ನಮ್ಮ ಕಿವಿಗೆ ಕೇಳುತ್ತದೆ! ಕೋಣೆಯಲ್ಲಿ ಹುಶ್, ಹುಶ್ ಅಂತ ಕೇಳುವುದು ಆ ವ್ಯತ್ಯಾಸವೇ. ಎಕ್ಸ್‌ರೇ ಇಲ್ಲ, ಚುಚ್ಚುವುದಿಲ್ಲ. ತಣ್ಣನೆಯ ಜೆಲ್ ಹಚ್ಚಿದಾಗ ಒಮ್ಮೆ ಮೈ ಜುಂ ಅನ್ನುತ್ತದೆ, ಅಷ್ಟೇ. ಒರೆಸಿದರೆ ಹೋಗುತ್ತದೆ, ಸೀರೆಗೆ ಕಲೆಯಾಗದು.

ಪರದೆಯ ಮೇಲೆ ಕೆಂಪು, ನೀಲಿ ಕಾಣುತ್ತದೆ. ಕೆಂಪು ಆರ್ಟರಿ, ನೀಲಿ ವೇನ್ ಅಂದುಕೊಂಡು ಮಗಂದಿರು ಫೋಟೊ ತೆಗೆದು ಮನೆಯ ಗ್ರೂಪಿಗೆ ಹಾಕುತ್ತಾರೆ. ಹಾಗಲ್ಲ. ಪ್ರೋಬ್ ಕಡೆ ಬರುತ್ತಿರುವ ರಕ್ತ ಕೆಂಪು, ದೂರ ಹೋಗುತ್ತಿರುವುದು ನೀಲಿ. ಒಂದು ಬಟನ್ ಒತ್ತಿದರೆ ಎರಡೂ ಅದಲು ಬದಲು.

ಕಿರಿದಾದ ಜಾಗ ಹುಡುಕುವುದು ಹೇಗೆ? ಹೊಲದಲ್ಲಿ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ನೀರು ಚಿಮ್ಮುತ್ತದಲ್ವಾ, ಅದೇ ಲೆಕ್ಕ. ಕಿರಿದಾದಲ್ಲಿ ರಕ್ತದ ಓಟ ಏರುತ್ತದೆ. ಮೇಲಿನ ಚೆನ್ನಾಗಿರುವ ಜಾಗಕ್ಕಿಂತ ಎರಡು ಪಟ್ಟು ಆಯಿತೆಂದರೆ ಅಲ್ಲಿ ಅರ್ಧದಷ್ಟೋ ಹೆಚ್ಚೋ ಮುಚ್ಚಿದೆ ಅಂತ ಬರೆಯುತ್ತೇವೆ. ನಮ್ಮ ನೇಕಾರರಿಗೆ ತೊಡೆಯ ಕೆಳಭಾಗದಲ್ಲಿ ಓಟ ಏರಿತ್ತು. ಅದರ ಕೆಳಗೆ ಚಟ್ ಚಟ್ ಅನ್ನುವ ಚುರುಕು ದನಿ ಹೋಗಿ, ದಮ್ಮು ಹತ್ತಿದವರ ಉಸಿರಿನ ಹಾಗೆ ಹೂಂ... ಹೂಂ... ಅನ್ನುತ್ತಿತ್ತು. “ಇದ ನಂದ ಕಾಲಿನ ಸಪ್ಪಳೇನ್ರೀ?” ಅಂತ ತಲೆ ಎತ್ತಿ ಕೇಳಿದರು. ಇನ್ನೊಂದು ಕಾಲಿನ ದನಿಯನ್ನೂ ಕೇಳಿಸಿದೆ. ಆಮೇಲೆ ಅವರು ಮಾತಾಡಲಿಲ್ಲ.

ವೇನ್ ಆದರೆ ಒತ್ತಿ ನೋಡುವುದು

ವೇನ್ ಮೆತ್ತಗಿರುತ್ತದೆ. ಪ್ರೋಬ್‌ನಿಂದ ಒತ್ತಿದರೆ ಚಪ್ಪಟೆಯಾಗಿ ಮಾಯವಾಗಬೇಕು. ಒಳಗೆ ಹೆಪ್ಪು ಇದ್ದರೆ ಚಪ್ಪಟೆ ಆಗುವುದಿಲ್ಲ. ತೊಡೆ ಸಂದಿನಿಂದ ಮೊಣಕಾಲ ಹಿಂದಿನವರೆಗೆ, ಅಲ್ಲಿಂದ ಮೀನಖಂಡಕ್ಕೆ, ಸ್ವಲ್ಪ ಸ್ವಲ್ಪ ಬಿಟ್ಟು ಒತ್ತುತ್ತಾ ಹೋಗುತ್ತೇವೆ. ಕಲಿಯುವ ದಿನಗಳಲ್ಲಿ ಒಮ್ಮೆ ನಾನು ಶುರುವಿನಿಂದಲೇ ಗಟ್ಟಿಯಾಗಿ ಒತ್ತಿ ಹಿಡಿದು, “ಇವರಿಗೆ ಇಲ್ಲಿ ವೇನ್ ಇಲ್ಲ ಸರ್” ಅಂತ ಹೇಳಿದ್ದೆ. ಸೀನಿಯರ್ ಬಂದು ನನ್ನ ಕೈಯನ್ನು ಎರಡೇ ಬೆರಳಿನಲ್ಲಿ ಸ್ವಲ್ಪ ಎತ್ತಿದರು. ಪರದೆಯ ಮೇಲೆ ವೇನ್ ಕಣ್ಣು ಬಿಟ್ಟಿತು. ಅವತ್ತಿನಿಂದ ನನ್ನ ಕೈ ಹಗುರ.

ಊತ ಜಾಸ್ತಿ ಇದ್ದು ಮೀನಖಂಡದ ಸಣ್ಣ ವೇನ್‌ಗಳು ಸರಿಯಾಗಿ ಕಾಣದೆ ಹೋಗಬಹುದು. ಅನುಮಾನ ಉಳಿದರೆ ಒಂದು ವಾರದೊಳಗೆ ಮತ್ತೆ ಕರೆಯುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಕೆಳಗಿನ ಹೆಪ್ಪು ಮೇಲಕ್ಕೆ ಬೆಳೆದಿದೆಯಾ ಅಂತ ನೋಡಲು ಕರೆಯುವುದು.

ಉಬ್ಬಿದ ವೇನ್ ಆದರೆ ನಿಮ್ಮನ್ನು ನಿಲ್ಲಿಸಿ ನೋಡುತ್ತೇವೆ. ಭಾರವನ್ನು ಇನ್ನೊಂದು ಕಾಲಿನ ಮೇಲೆ ಹಾಕಿ ನಿಲ್ಲಬೇಕು. ಮೀನಖಂಡ ಹಿಂಡಿದರೆ ರಕ್ತ ಮೇಲಕ್ಕೆ ಹೋಗುತ್ತದೆ. ಕೈ ಬಿಟ್ಟಾಗ ಒಳಗಿನ ಕವಾಟಗಳು ಮುಚ್ಚಿ ಅದನ್ನು ತಡೆಯಬೇಕು. ಚರ್ಮದ ಕೆಳಗಿನ ವೇನ್‌ನಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ರಕ್ತ ಹಿಂದಕ್ಕೆ ಇಳಿದರೆ ಕವಾಟ ಸೋರುತ್ತಿದೆ ಎಂದರ್ಥ. ನಿಂತಾಗ ತಲೆ ತಿರುಗಿದರೆ ಕೂಡಲೇ ಹೇಳಿ. ಎರಡೂ ಕಾಲಿಗೆ ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ಐದು ನಿಮಿಷದಲ್ಲಿ ಮುಗಿಸಿ ಕಳಿಸಿದರೆ ನನಗಂತೂ ಅನುಮಾನ.

ಕೈ ಬಿಪಿ, ಕಾಲು ಬಿಪಿ

ಇದು ಕಡಿಮೆ ಖರ್ಚಿನ ಪರೀಕ್ಷೆ, ಆದರೆ ಬರೆಯುವವರೇ ಕಡಿಮೆ. ತೋಳಿನ ಬಿಪಿ ಮತ್ತು ಪಾದದ ಗಂಟಿನ ಬಿಪಿ ನೋಡಿ, ಕಾಲಿನದನ್ನು ಕೈಯದರಿಂದ ಭಾಗಿಸುವುದು. ನೇಕಾರರಿಗೆ ಕೈಯಲ್ಲಿ 140, ಆ ಕಾಲಿನಲ್ಲಿ 84. ಭಾಗಿಸಿದರೆ 0.6. ಈ ಸಂಖ್ಯೆಗೆ ಎಬಿಐ ಅನ್ನುತ್ತೇವೆ. 1.0ರಿಂದ 1.4 ಇದ್ದರೆ ಸರಿ. 0.9 ಅಥವಾ ಅದಕ್ಕೂ ಕೆಳಗೆ ಇದ್ದರೆ ಆರ್ಟರಿ ಕಾಯಿಲೆ ಇದೆ. 1.4 ದಾಟಿದರೆ ಅದೂ ಒಳ್ಳೆಯದಲ್ಲ. ಹಳೆಯ ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇದ್ದವರಲ್ಲಿ ಆರ್ಟರಿ ಸುಣ್ಣಗಟ್ಟಿ ಬಿಪಿ ಪಟ್ಟಿಯ ಒತ್ತಡಕ್ಕೆ ಬಗ್ಗುವುದಿಲ್ಲ, ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅವರಿಗೆ ಕಾಲಿನ ಹೆಬ್ಬೆರಳಿನ ಬಿಪಿ ನೋಡಬೇಕು.

ಬಿಗಿ ಸ್ಟಾಕಿಂಗ್ಸ್ ಕೊಳ್ಳುವ ಮುಂಚೆ, ಅದರಲ್ಲೂ ಶುಗರ್ ಇದ್ದರೆ, ಪಾದ ತಣ್ಣಗಿದ್ದರೆ, “ಎಬಿಐ ನೋಡಿದ್ರಾ ಸರ್?” ಅಂತ ಒಂದು ಮಾತು ಕೇಳಿ.

ರಿಪೋರ್ಟ್ ಕೈಗೆ ಬಂದಾಗ

‘ಟ್ರೈಫೇಸಿಕ್’ ಅಂದರೆ ಒಂದು ಬಡಿತದಲ್ಲಿ ರಕ್ತ ಮುಂದೆ, ಚೂರು ಹಿಂದೆ, ಮತ್ತೆ ಮುಂದೆ. ಆರೋಗ್ಯದ ಆರ್ಟರಿ ಹೀಗಿರುತ್ತದೆ. ‘ಮೋನೋಫೇಸಿಕ್’ ಅಂದರೆ ಆ ಹಿಂದೆ ಮುಂದೆ ಆಟ ಹೋಗಿ ಒಂದೇ ಸೋತ ಅಲೆ. ಸಾಮಾನ್ಯವಾಗಿ ಮೇಲೆಲ್ಲೋ ಅಡ್ಡಿ ಇದೆ. ‘ಎಥೆರೊಸ್ಕ್ಲೆರೋಟಿಕ್ ಚೇಂಜಸ್’ (ಆರ್ಟರಿಯ ಗೋಡೆಗೆ ಕೊಬ್ಬು ಕಟ್ಟಿದ ಗುರುತು) ಅನ್ನುವುದು ಅರವತ್ತು ದಾಟಿದ ಬಹಳ ಜನರ ರಿಪೋರ್ಟ್‌ನಲ್ಲಿ ಇರುತ್ತದೆ, ಅದೊಂದೇ ನೋಡಿ ಗಾಬರಿ ಬೇಡ. ‘ಎಸ್‌ಎಫ್‌ಜೆ ಇನ್‌ಕಾಂಪಿಟೆಂಟ್’ ಅಂದರೆ ತೊಡೆ ಸಂದಿನ ಹತ್ತಿರದ ಕವಾಟ ಸೋರುತ್ತಿದೆ. ‘ನಾನ್ ಕಂಪ್ರೆಸಿಬಲ್’ (ಒತ್ತಿದರೂ ಚಪ್ಪಟೆ ಆಗಲಿಲ್ಲ) ಅಂತ ವೇನ್ ರಿಪೋರ್ಟ್‌ನಲ್ಲಿ ಕಂಡರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಒಂದು ಹೆಸರಿನ ಬಗ್ಗೆ ಮಾತ್ರ ಎಚ್ಚರ. ‘ಸೂಪರ್‌ಫಿಶಿಯಲ್ ಫೆಮೊರಲ್ ವೇನ್’ ಅಂತ ಕೆಲವರು ಈಗಲೂ ಬರೆಯುತ್ತಾರೆ. ಸೂಪರ್‌ಫಿಶಿಯಲ್ ಅಂದರೆ ಮೇಲಿನದು. ಆದರೆ ಅದು ತೊಡೆಯ ಒಳಗಿನ, ಆಳದ ವೇನ್! ಅಲ್ಲಿ ಹೆಪ್ಪು ಇದ್ದರೆ ರಕ್ತ ತೆಳುಮಾಡುವ ಔಷಧ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಬೇಕು. ಮೇಲಿನದು ತಾನೇ ಅಂತ ಬಿಟ್ಟು ಅನಾಹುತ ಆಗಬಾರದು ಅಂತಲೇ ಈಗ ಬರೀ ‘ಫೆಮೊರಲ್ ವೇನ್’ ಅಂತ ಬರೆಯಿರಿ ಅನ್ನುತ್ತಾರೆ. ನಾವು ನರ ಅಂತ ಎಲ್ಲ ಸೇರಿಸಿದ್ದಕ್ಕೆ ನಗುವ ಡಾಕ್ಟರುಗಳ ಕಥೆಯೂ ಇಷ್ಟೇ.

ಆರ್ಟರಿ ಬ್ಲಾಕ್ ಅಂತ ಬಂದ ಎಲ್ಲರಿಗೂ ಆಪರೇಷನ್ ಇಲ್ಲ. ತಂಬಾಕು ಪೂರ್ತಿ ಬಿಡುವುದು, ಕೊಲೆಸ್ಟರಾಲ್ ಮತ್ತು ರಕ್ತ ಗಟ್ಟಿಯಾಗದ ಗುಳಿಗೆ, ನೋವು ಬರುವ ತನಕ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸ. ಎಷ್ಟೋ ಜನರಿಗೆ ಇಷ್ಟರಲ್ಲೇ ನಡಿಗೆಯ ದೂರ ಏರುತ್ತದೆ. ಗಾಯ ಒಣಗದಿದ್ದರೆ, ರಾತ್ರಿ ನೋವು ಇದ್ದರೆ ರಕ್ತನಾಳದ ಸರ್ಜನ್ ನೋಡಬೇಕು. ಬೆಳಗಾವಿಗೋ ಹುಬ್ಬಳ್ಳಿಗೋ ಬರೆದುಕೊಡುತ್ತಾರೆ. ಕೆಲವು ಗಂಡಸರಿಗೆ ನಲವತ್ತರೊಳಗೇ ಬೆರಳು ಕಪ್ಪಾಗುವುದುಂಟು. ಅದು ಬರ್ಜರ್ ಕಾಯಿಲೆ, ತಂಬಾಕಿಗೆ ಅಂಟಿಕೊಂಡೇ ಬರುತ್ತದೆ. ನಿಪ್ಪಾಣಿಯ ಸುತ್ತ ಬೀಡಿ ತಂಬಾಕು ಬೆಳೆಯುವ ನಾಡು ನಮ್ಮದು, ಆ ಬೆರಳುಗಳನ್ನು ನಾವು ನೋಡುತ್ತಲೇ ಇರುತ್ತೇವೆ. ಅವರಿಗೆ ಕಡಿಮೆ ಮಾಡುತ್ತೇನೆ ಅನ್ನುವ ಲೆಕ್ಕ ನಡೆಯದು. ಒಂದು ಬೀಡಿಯೂ ಇಲ್ಲ, ಬಾಯಲ್ಲಿ ಇಡುವ ತಂಬಾಕೂ ಇಲ್ಲ.

ನೇಕಾರರು ಮೂರು ತಿಂಗಳ ಮೇಲೆ ಮತ್ತೆ ಬಂದರು. ಹಳೆಯ ರಿಪೋರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚದೆ ಇಟ್ಟುಕೊಂಡಿದ್ದರು. ಜೇಬು ಖಾಲಿ ಇತ್ತು. “ಈಗ ಕಿರಾಣಿ ಅಂಗಡಿ ದಾಟಿ ಗುಡಿ ತನಕ ಹೋಗ್ತೇನ್ರೀ” ಅಂದರು. ಮಲಗಿಸಿ, ಜೆಲ್ ಹಚ್ಚಿ, ಮೊದಲು ಒಳ್ಳೆಯ ಕಾಲಿನ ದನಿ ಹಾಕಿದೆ. “ಆ ಕಾಲಿಂದು ಹಚ್ರೀ” ಅಂದರು.